ಹರಕು ಕೋಟಿನ ಕಾಂಪೋ

ಬಟ್ಟೆ ನೋಡಿ ಮಣೆ ಹಾಕುವುದು ಲೋಕದ ರೂಢಿ. ಆದರೆ ಬ್ರಿಟನ್ನಿನ ಜನ ಕಾಲು ಶತಮಾನಕ್ಕೂ ಮಿಕ್ಕಿ ತಮ್ಮ ಟೆಲಿವಿಷನ್ನಿನ ಮುಂದೆ ಕುಳಿತು ಆದರಿಸಿದ ಮುದುಕನೊಬ್ಬನ ವೇಷವನ್ನು ಕೇಳಿ: ತಲೆಗೆ ಮಾಸಿದ ಉಣ್ಣೆಯ ಟೋಪಿ; ಮೈಮೇಲೆ ಹರಕು ಕೋಟು; ಷರಾಯಿ ಜಾರದಂತೆ ನಡುವಿಗೊಂದು ಹುರಿ; ಮಳೆಯಿರಲಿ, ಬಿಸಿಲಿರಲಿ, ಕಾಲಿಗೆ ರಬ್ಬರಿನ ಎತ್ತರದ ಬೂಟು. ಹೆಸರು ವಿಲಿಯಂ ಸಿಮನೈಟ್. ಗೆಳೆಯರ ಬಾಯಲ್ಲಿ ಅವನು ಕಾಂಪೋ.

ಈ ಕಾಂಪೋ ‘ಲಾಸ್ಟ್ ಆಫ್ ದಿ ಸಮ್ಮರ್ ವೈನ್’ ಎಂಬ ಹಾಸ್ಯ ಧಾರಾವಾಹಿಯ ಪಾತ್ರ. ಬಿ.ಬಿ.ಸಿ. ಇದನ್ನು 1973ರ ಜನವರಿಯಲ್ಲಿ ಒಂದೇ ಕಂತಾಗಿ ತೋರಿಸಿ ಪರೀಕ್ಷಿಸಿತು. ಅದೇ ವರ್ಷದ ನವೆಂಬರಿನಲ್ಲಿ ಧಾರಾವಾಹಿ ಮೊದಲಾಯಿತು. 2010ರ ಆಗಸ್ಟಿನಲ್ಲಿ ಮುಗಿಯುವಷ್ಟರಲ್ಲಿ 295 ಕಂತುಗಳಾಗಿದ್ದುವು. ಅಷ್ಟನ್ನೂ ಬರೆದವರು ಒಬ್ಬರೇ, ರಾಯ್ ಕ್ಲಾರ್ಕ್. ಕಥೆ ನಡೆಯುವುದು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಚಿತ್ರೀಕರಣವಾದದ್ದು ಅಲ್ಲಿಯ ಗುಡ್ಡಗಳ ನಡುವಣ ಹೋಮ್‌ಫರ್ತ್ ಎಂಬ ಸಣ್ಣ ಊರಿನಲ್ಲಿ.

ಮೂವರು ಮುದುಕರ ಕಥೆ ಬೇಕೆಂದು ಕೇಳಿದಾಗ ಕ್ಲಾರ್ಕ್ ಅವರಿಗೆ ಮೊದಲು ಉತ್ಸಾಹ ಬರಲಿಲ್ಲವಂತೆ. ಮುಪ್ಪಿನಲ್ಲಿ ನಗುವುದಕ್ಕೆ ಏನಿದೆ? ಆಮೇಲೆ ಅವರಿಗೊಂದು ಎಳೆ ಹೊಳೆಯಿತು. ಈ ಮೂವರಿಗೂ ಉದ್ಯೋಗದ ಕಟ್ಟಿಲ್ಲ, ಸಂಸಾರದ ಕಟ್ಟೂ ಇಲ್ಲ ಎಂದಿಟ್ಟುಕೊಂಡರೆ, ಅವರು ಶಾಲೆಗೆ ರಜೆ ಬಂದ ಹುಡುಗರೇ ಸರಿ! ಬೆಳಗಾದರೆ ಗುಡ್ಡ ಹತ್ತಬಹುದು, ಹುಲ್ಲಿನ ಮೇಲೆ ಮಲಗಿ ಹರಟಬಹುದು, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಬೇಸಗೆಯ ದ್ರಾಕ್ಷಾರಸದ ಕೊನೆಯ ಗುಟುಕು ಎಂಬ ಆ ಹೆಸರಿನ ಇಂಗಿತವೂ ಇದೇ. ಪಾತ್ರೆ ಬರಿದಾಗುತ್ತಿದೆ, ನಿಜ. ಉಳಿದ ಗುಟುಕಿಗೆ ರುಚಿ ಹೆಚ್ಚು.

ಮೂವರನ್ನೂ ಜೋಡಿಸಿರುವ ರೀತಿ ಗಮನಿಸತಕ್ಕದ್ದು. ಒಬ್ಬನು ಸದಾ ಯೋಜನೆ ಹಾಕುವವನು. ಈ ಸ್ಥಾನದಲ್ಲಿ ಮೊದಲು ನಟಿಸಿದ ಮೈಕೆಲ್ ಬೇಟ್ಸ್ ಹುಟ್ಟಿದ್ದು ನಮ್ಮ ಝಾನ್ಸಿಯಲ್ಲಿ. ಅವರ ತರುವಾಯ ಅಲ್ಲಿಗೆ ಬೇರೆ ಬೇರೆ ಪಾತ್ರಗಳು ಬಂದುವು: ಸೈನ್ಯದ ಜಂಬ ಕೊಚ್ಚುವವನೊಬ್ಬ, ಯಂತ್ರ ಕಂಡುಹಿಡಿಯುವ ಹುಚ್ಚಿನ ನಿವೃತ್ತ ಹೆಡ್‌ಮಾಸ್ತರನೊಬ್ಬ, ಮಾಜಿ ಪೊಲೀಸನೊಬ್ಬ. ಎರಡನೆಯವನು ಕ್ಲೆಗ್, ಪೀಟರ್ ಸ್ಯಾಲಿಸ್ ವಹಿಸಿದ ಈ ಪಾತ್ರ ಅಂಜುಬುರುಕ ವೇದಾಂತಿಯದು. ಮೂರನೆಯವನು ಕಾಂಪೋ. ಯೋಜನೆ ಮೊದಲನೆಯವನದು, ಸಂಶಯ ಎರಡನೆಯವನದು, ಗುಡ್ಡದ ಮೇಲಿಂದ ಉರುಳಿ ಬೀಳುವ ಪಾಳಿ ಕಾಂಪೋವಿನದು. ಎದ್ದು ಮೈ ಕೊಡವಿಕೊಂಡು ಹಲ್ಲು ಕಿರಿದನೆಂದರೆ ಮುಂದಿನ ವಾರಕ್ಕೆ ಸಿದ್ಧ.

ಹರಕು ಬಟ್ಟೆಯವನನ್ನು ಬೀಳಿಸಿ ನಗುವುದು ಬಡವನನ್ನು ಹಾಸ್ಯ ಮಾಡಿದಂತಲ್ಲವೆ? ಈ ಪ್ರಶ್ನೆ ನ್ಯಾಯವಾದದ್ದೇ. ಕ್ಲಾರ್ಕ್ ಇದಕ್ಕೆ ಕೊಟ್ಟ ಉತ್ತರ ಪಾತ್ರದಲ್ಲಿಯೇ ಇದೆ. ಕಾಂಪೋ ತನ್ನ ಬಡತನಕ್ಕೆ ನಾಚುವುದಿಲ್ಲ, ಅದನ್ನು ತೋರಿಸಿ ಮರುಕ ಬೇಡುವುದೂ ಇಲ್ಲ. ಕಳೆದುಕೊಳ್ಳುವುದಕ್ಕೆ ಮಾನಮರ್ಯಾದೆಯ ಗಂಟಿಲ್ಲದ ಕಾರಣ ಅವನು ಮೂವರಲ್ಲಿ ಅತ್ಯಂತ ಸ್ವತಂತ್ರ. ಹಾಸ್ಯದ ಪೆಟ್ಟು ಹೆಚ್ಚಾಗಿ ತಾಗುವುದು ಇಸ್ತ್ರಿ ಮಾಡಿದ ಕೋಟಿನವನ ಜಂಬಕ್ಕೆ.

ಅವನಲ್ಲಿ ಒಂದು ಬೆಂಕಿಪೊಟ್ಟಣವಿದೆ. ಅದನ್ನು ತೆರೆದು ತೋರಿಸಿದರೆ ನೋಡಿದವರು ಬೆಚ್ಚಿ ಹಿಂದೆಗೆಯುತ್ತಾರೆ. ಒಳಗೆ ಏನಿದೆಯೆಂಬುದನ್ನು ಪ್ರೇಕ್ಷಕರಿಗೆ ತೋರಿಸಿದ್ದೇ ಇಲ್ಲ. ಅವನಿಗೆ ಒಬ್ಬ ಆರಾಧ್ಯದೇವತೆಯೂ ಉಂಟು: ನೆರೆಮನೆಯ ನೋರಾ ಬ್ಯಾಟಿ. ಸುಕ್ಕುಗಟ್ಟಿ ಇಳಿದ ಕಾಲುಚೀಲದ ಈ ಗಟ್ಟಿಗಿತ್ತಿಯ ಕೈಯಲ್ಲಿ ಸದಾ ಪೊರಕೆ. ಕ್ಯಾಥಿ ಸ್ಟಾಫ್ ನಟಿಸಿದ ನೋರಾ ಅವನನ್ನು ಅಟ್ಟದ ದಿನವಿಲ್ಲ; ಅವನು ಮರಳಿ ಬರದ ದಿನವೂ ಇಲ್ಲ.

ಇಷ್ಟು ಕಾಲ ಕಾಂಪೋ ಆಗಿದ್ದವರು ಬಿಲ್ ಓವೆನ್. ಹುಟ್ಟಿದ್ದು 1914ರಲ್ಲಿ ಲಂಡನ್ನಿನಲ್ಲಿ; ಯಾರ್ಕ್‌ಷೈರಿನ ಮಾತು ಅವರು ಕಲಿತು ಆಡಿದ್ದು. 1999ರ ಜುಲೈ 12ರಂದು, ಹೊಸ ಸರಣಿಯ ಚಿತ್ರೀಕರಣ ನಡೆಯುತ್ತಿರುವಾಗಲೇ, ಅವರು ತೀರಿಕೊಂಡರು. ಧಾರಾವಾಹಿಗಳಲ್ಲಿ ಇಂಥ ಸಂದರ್ಭಕ್ಕೆ ಸುಲಭದ ದಾರಿಗಳಿವೆ. ಪಾತ್ರವನ್ನು ಬೇರೊಬ್ಬ ನಟನಿಗೆ ಕೊಡಬಹುದು, ಇಲ್ಲವೆ ದೂರದ ಊರಿಗೆ ಕಳುಹಿಸಿ ಮರೆಸಬಹುದು. ಕ್ಲಾರ್ಕ್ ಎರಡನ್ನೂ ಮಾಡದೆ, ಹಾಸ್ಯ ಧಾರಾವಾಹಿಯೊಳಗೆ ಮರಣವನ್ನೇ ತಂದರು. 2000ದಲ್ಲಿ ಪ್ರಸಾರವಾದ ಮೂರು ಕಂತುಗಳು ಕಾಂಪೋವಿನ ಸಾವು ಮತ್ತು ಅಂತ್ಯಕ್ರಿಯೆಯ ಕಥೆ. ನೋರಾ ಒಂದು ದಿನ ಸುಕ್ಕಿನ ಕಾಲುಚೀಲದ ಬದಲು ನುಣುಪಾದ ಕರಿಯ ಕಾಲುಚೀಲ ತೊಟ್ಟದ್ದನ್ನು ಕಂಡ ಸಂತೋಷದಲ್ಲೇ ಅವನು ಕೊನೆಯುಸಿರೆಳೆಯುತ್ತಾನೆ. ಮುಂದೆ ಗೆಳೆಯರಿಗೆ ತಿಳಿಯುತ್ತದೆ: ಪ್ರತಿ ಗುರುವಾರ ಅವನು ತಮಗೆ ಹೇಳದೆ ಒಬ್ಬಾಕೆಯನ್ನು ಕಾಣಲು ಹೋಗುತ್ತಿದ್ದ. ಜೀವಮಾನವೆಲ್ಲ ಜತೆಗಿದ್ದರೂ ಅವನನ್ನು ತಾವು ಪೂರ್ತಿ ಅರಿತಿರಲಿಲ್ಲವೆಂದು ಅವರಿಗೆ ಅರಿವಾಗುತ್ತದೆ. ಬೆಂಕಿಪೊಟ್ಟಣದ ಹಾಗೆ, ಇದೂ ಅವನು ಮುಚ್ಚಿಟ್ಟುಕೊಂಡ ಒಂದು ಗುಟ್ಟು.

ಓವೆನ್ ಅವರ ಮಗ ಟಾಮ್ ಓವೆನ್, ಕಾಂಪೋವಿನ ಮಗನಾಗಿಯೇ ಧಾರಾವಾಹಿಗೆ ಬಂದರು. ಅದು ಇನ್ನೂ ಹತ್ತು ವರ್ಷ ನಡೆಯಿತು. ಲಂಡನ್ನಿನವರಾದ ಬಿಲ್ ಓವೆನ್ ಮಲಗಿರುವುದು ಮಾತ್ರ ಹೋಮ್‌ಫರ್ತ್‌ಗೆ ಹೊಂದಿದ ಅಪ್ಪರ್‌ಥಾಂಗ್ ಹಳ್ಳಿಯ ಚರ್ಚಿನ ಅಂಗಳದಲ್ಲಿ. 2017ರಲ್ಲಿ ತೀರಿಕೊಂಡ ಪೀಟರ್ ಸ್ಯಾಲಿಸ್ ಅವರ ಸಮಾಧಿಯೂ ಅದರ ಪಕ್ಕದಲ್ಲೇ ಇದೆ. ಕಥೆಯಲ್ಲಿ ಜತೆಯಾಗಿ ಗುಡ್ಡ ಹತ್ತುತ್ತಿದ್ದ ಕಾಂಪೋ ಮತ್ತು ಕ್ಲೆಗ್ ಈಗ ಅದೇ ಗುಡ್ಡಗಳ ನಡುವೆ ನೆರೆಹೊರೆಯವರು.