ನಿರಾಕಾರದ ಸುತ್ತಣ ಆಕಾರಗಳು: ಕರಾವಳಿಯ ಶಿವಾಲಯಗಳ ಶಿಲ್ಪಾಲಂಕಾರ ಮತ್ತು ಅದರ ಸಂಕೇತಾರ್ಥ

ಉಡುಪಿಯ ಮಗ್ಗುಲಲ್ಲಿರುವ ಬನ್ನಂಜೆಯಲ್ಲಿ ಮಹಾಲಿಂಗೇಶ್ವರನ ದೇವಾಲಯವಿದೆ. ಅಲ್ಲಿಂದ ಅನತಿದೂರದ ರಥಬೀದಿಯಲ್ಲಿ ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಾಲಯಗಳಿವೆ. ತುಳುನಾಡಿನ ಊರೂರುಗಳಲ್ಲಿ ಮಹಾಲಿಂಗೇಶ್ವರನೆಂಬ ಹೆಸರಿನಿಂದಲೇ ಶಿವನು ಪೂಜೆಗೊಳ್ಳುತ್ತಿರುವುದು ಗಮನಾರ್ಹವಾದ ಸಂಗತಿ. ಈ ಹೆಸರು ಶಿವನ ಯಾವ ಲೀಲೆಯನ್ನೂ ಹೇಳುವುದಿಲ್ಲ, ಯಾವ ಆಯುಧವನ್ನೂ ಯಾವ ಆಭರಣವನ್ನೂ ಸೂಚಿಸುವುದಿಲ್ಲ. ಕಣ್ಣೆದುರಿಗಿರುವ ಲಿಂಗವನ್ನೇ ಅದು ಹೆಸರಿಸುತ್ತದೆ. ಆದರೆ ಆ ಲಿಂಗದ ದರ್ಶನಕ್ಕೆಂದು ಹೋಗುವ ಭಕ್ತನು ಹೊರಬಾಗಿಲಿನಿಂದ ಗರ್ಭಗುಡಿಯ ಹೊಸ್ತಿಲವರೆಗೆ ಎಷ್ಟೊಂದು ಆಕೃತಿಗಳನ್ನು ಹಾದುಹೋಗಬೇಕು! ಸಿಂಹ, ಮಕರ, ಆನೆ, ಹಂಸ, ಬಳ್ಳಿ, ಪದ್ಮ, ದ್ವಾರಪಾಲಕರು, ದಿಕ್ಪಾಲಕರು, ಹೀಗೆ ರೂಪಗಳ ಒಂದು ಲೋಕವೇ ಅಲ್ಲಿ ನೆರೆದಿದೆ. ಈ ಲೋಕದ ನಟ್ಟನಡುವೆ ಇರುವುದಾದರೋ ಮುಖವಿಲ್ಲದ, ಕೈಕಾಲುಗಳಿಲ್ಲದ ಒಂದು ಶಿಲೆ. ಕೇಂದ್ರದಲ್ಲಿ ರೂಪವಿಲ್ಲದಿರುವಾಗ ಸುತ್ತಲೂ ಇಷ್ಟೊಂದು ರೂಪಗಳೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಪ್ರಕೃತ ಲೇಖನದ ಉದ್ದೇಶ.

ಹೊರಗಿನಿಂದ ಒಳಗೆ

ಕರಾವಳಿಯ ದೇವಾಲಯಗಳ ರಚನೆಯನ್ನು ಮೊದಲು ನಿರ್ಣಯಿಸಿದುದು ಮಳೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಭೂಭಾಗದಲ್ಲಿ ಬಯಲುಸೀಮೆಯ ಗುಡಿಗಳಂತೆ ಹೊರಗೋಡೆಯ ತುಂಬ ನವುರಾದ ಶಿಲ್ಪಗಳನ್ನು ಕಡೆದು ನಿಲ್ಲಿಸುವುದು ಕಷ್ಟಸಾಧ್ಯ. ಇಲ್ಲಿ ಹೇರಳವಾಗಿ ಸಿಗುವ ಮುರಕಲ್ಲು ಗೋಡೆಗೆ ಒಳ್ಳೆಯದಾದರೂ ರಂಧ್ರಮಯವಾದುದರಿಂದ ಸೂಕ್ಷ್ಮ ಕೆತ್ತನೆಗೆ ಒಗ್ಗುವುದಿಲ್ಲ. ಆದಕಾರಣ ಇಳಿಜಾರಾದ ಮಾಡು, ಅದರ ಮೇಲೆ ತಾಮ್ರದ ಹೊದಿಕೆ ಅಥವಾ ಹೆಂಚು, ಶಿಖರದಲ್ಲಿ ಮುಗುಳಿ, ಕೆಳಗೆ ಬಹುಮಟ್ಟಿಗೆ ಸರಳವಾದ ಗೋಡೆ, ಇವು ಇಲ್ಲಿನ ಲಕ್ಷಣಗಳಾದವು. ಅಲಂಕಾರವು ಮಳೆ ತಾಗದ ಒಳಭಾಗಕ್ಕೆ ಸರಿಯಿತು. ತೀರ್ಥಮಂಟಪದ ಮರದ ಮುಚ್ಚಿಗೆ, ಕಂಬ, ತೊಲೆ, ಬಾಗಿಲವಾಡಗಳು ಶಿಲ್ಪಿಯ ಕೌಶಲಕ್ಕೆ ಕ್ಷೇತ್ರಗಳಾದವು. ಅಧಿಷ್ಠಾನ, ದ್ವಾರಬಂಧ, ಸೋಮಸೂತ್ರಗಳಿಗೆ ಮಾತ್ರ ಕರಿಗಲ್ಲು ಬಳಕೆಯಾಯಿತು.

ಈ ಅಲಂಕಾರವು ಮನಬಂದಂತೆ ಹರಡಿದುದಲ್ಲ. ಪ್ರತಿಯೊಂದಕ್ಕೂ ನಿಯತವಾದ ಸ್ಥಾನವಿದೆ. ದ್ವಾರಪಾಲಕರು ಬಾಗಿಲಿನ ಎರಡು ಪಕ್ಕಗಳಲ್ಲಿ ನಿಂತು, ಲೌಕಿಕವನ್ನು ಇಲ್ಲಿಗೇ ಬಿಟ್ಟು ಒಳಗೆ ಬಾ ಎಂದು ಬೆರಳೆತ್ತಿ ಎಚ್ಚರಿಸುತ್ತಾರೆ. ಲಲಾಟಬಿಂಬದ ಗಜಲಕ್ಷ್ಮಿಯು ಒಳಹೊಗುವವನಿಗೆ ಮಂಗಳವನ್ನು ಕೋರುತ್ತಾಳೆ. ಮಂಟಪದ ಮುಚ್ಚಿಗೆಯ ಒಂಬತ್ತು ಚೌಕಗಳಲ್ಲಿ ಎಂಟು ದಿಕ್ಕುಗಳ ಒಡೆಯರು ತಮ್ಮ ತಮ್ಮ ವಾಹನಗಳೊಡನೆ ಕುಳಿತಿರುತ್ತಾರೆ. ಇಂದ್ರನು ಪೂರ್ವದಲ್ಲಿ, ಯಮನು ದಕ್ಷಿಣದಲ್ಲಿ, ವರುಣನು ಪಶ್ಚಿಮದಲ್ಲಿ, ಕುಬೇರನು ಉತ್ತರದಲ್ಲಿ, ಉಳಿದ ನಾಲ್ವರು ಮೂಲೆಗಳಲ್ಲಿ. ಅದರ ಕೆಳಗೆ ನಿಂತವನು ಸಾಂಕೇತಿಕವಾಗಿ ಜಗತ್ತಿನ ಮಧ್ಯದಲ್ಲಿ ನಿಂತಂತಾಯಿತು. ಅಂಗಣದ ಬಲಿಕಲ್ಲುಗಳಾದರೋ ಅದೇ ದಿಕ್ಕುಗಳ ದೇವತೆಗಳನ್ನು ಯಾವ ರೂಪವೂ ಇಲ್ಲದೆ, ಬರಿಯ ಕಲ್ಲಿನಿಂದಲೇ ಸೂಚಿಸುತ್ತವೆ. ಮೇಲೆ ಮರದಲ್ಲಿ ಸಾಕಾರರಾದವರು ಕೆಳಗೆ ಕಲ್ಲಿನಲ್ಲಿ ನಿರಾಕಾರರಾಗಿರುವುದನ್ನು ಗಮನಿಸಬೇಕು.

ಇವೆಲ್ಲಕ್ಕಿಂತ ಅರ್ಥವತ್ತಾದುದು ತೋರಣದ ನೆತ್ತಿಯಲ್ಲಿರುವ ಕೀರ್ತಿಮುಖ. ಪುರಾಣಕಥೆಯ ಪ್ರಕಾರ ಜಲಂಧರನ ದೂತನಾಗಿ ಬಂದ ರಾಹುವನ್ನು ನುಂಗಲೆಂದು ಶಿವನ ಕೋಪದಿಂದ ಭಯಂಕರ ಪುರುಷನೊಬ್ಬನು ಹುಟ್ಟಿದನು. ರಾಹುವು ಶರಣಾಗತನಾದಾಗ ಶಿವನು ಅವನನ್ನು ಕಾಪಾಡಿದನು. ಆಹಾರವನ್ನು ಕಳೆದುಕೊಂಡ ಆ ಪುರುಷನು ಹಸಿವನ್ನು ತಾಳಲಾರದೆ ಬೇರೇನನ್ನು ತಿನ್ನಲೆಂದು ಬೇಡಿದಾಗ, ನಿನ್ನನ್ನು ನೀನೇ ತಿನ್ನು ಎಂದು ಶಿವನು ಅಪ್ಪಣೆ ಕೊಟ್ಟನು. ಅಂತೆಯೇ ಅವನು ಕೈಕಾಲು, ಒಡಲುಗಳನ್ನೆಲ್ಲ ತಿಂದು ಮುಖವಾಗಿ ಮಾತ್ರ ಉಳಿದನು. ಮೆಚ್ಚಿದ ಶಿವನು ಆ ಮುಖವನ್ನು ತನ್ನ ಬಾಗಿಲಿನಲ್ಲಿ ನಿಲ್ಲಿಸಿಕೊಂಡನು. ತನ್ನನ್ನು ತಾನು ಇಲ್ಲವಾಗಿಸಿಕೊಂಡವನಿಗೇ ಶಿವನ ಹೊಸ್ತಿಲಿನಲ್ಲಿ ಸ್ಥಾನವೆಂಬುದು ಇದರ ತಾತ್ಪರ್ಯ. ಗರ್ಭಗುಡಿಯ ಬಾಗಿಲಿಗೆ ಬರುವಷ್ಟರಲ್ಲಿ ಶಿಲ್ಪವೇ ದೇಹವನ್ನು ಬಿಡತೊಡಗಿದೆ. ಮುಂದಿನ ಹೆಜ್ಜೆಯಲ್ಲಿ ಮುಖವೂ ಇಲ್ಲ.

ರೂಪವಿಲ್ಲ, ಪ್ರಮಾಣವಿದೆ

ಆಗಮಕಾರರು ಶಿವನ ಅಭಿವ್ಯಕ್ತಿಯನ್ನು ವ್ಯಕ್ತ, ವ್ಯಕ್ತಾವ್ಯಕ್ತ, ಅವ್ಯಕ್ತ ಎಂದು ಮೂರಾಗಿ ವಿಂಗಡಿಸಿದ್ದಾರೆ. ಅವಯವಗಳುಳ್ಳ ಮೂರ್ತಿಯು ವ್ಯಕ್ತ. ಮುಖವನ್ನು ಕಡೆದ ಮುಖಲಿಂಗವು ವ್ಯಕ್ತಾವ್ಯಕ್ತ. ಬರಿಯ ಲಿಂಗವು ಅವ್ಯಕ್ತ. ಗುಡಿಯ ಹೊರಗಿನಿಂದ ಒಳಗೆ ನಡೆಯುವ ನಡಿಗೆಯು ವ್ಯಕ್ತದಿಂದ ಅವ್ಯಕ್ತಕ್ಕೆ ನಡೆಯುವ ನಡಿಗೆಯೇ ಆಗಿದೆ. ಆದರೆ ಅವ್ಯಕ್ತವೆಂದರೆ ಕ್ರಮವಿಲ್ಲದುದು ಎಂದರ್ಥವಲ್ಲ. ಕಡೆದು ಸ್ಥಾಪಿಸಿದ ಲಿಂಗದ ಬುಡವು ಚೌಕವಾಗಿ ಬ್ರಹ್ಮಭಾಗವೆನಿಸುತ್ತದೆ, ನಡುವು ಎಂಟು ಮೂಲೆಯಾಗಿ ವಿಷ್ಣುಭಾಗವೆನಿಸುತ್ತದೆ. ಇವೆರಡೂ ಪೀಠದೊಳಗೆ ಅಡಗಿ, ಕಣ್ಣಿಗೆ ಕಾಣುವುದು ದುಂಡಾದ ರುದ್ರಭಾಗ ಮಾತ್ರ. ಮೂಲೆಗಳು ಕರಗಿ ವೃತ್ತವಾಗುವುದೇ ಈ ಶಿಲೆ ಹೇಳುವ ತತ್ತ್ವ. ಪಂಚಸೂತ್ರಲಿಂಗವೆಂಬಲ್ಲಿ ಲಿಂಗ, ಪೀಠ, ಗೋಮುಖಗಳ ಐದು ಅಳತೆಗಳು ಪರಸ್ಪರ ಸಮವಾಗಿರಬೇಕೆಂಬ ನಿಯಮವಿದೆ. ಹೀಗೆ ಆಕೃತಿಯನ್ನು ತೊರೆದ ಶಿಲೆಯು ಪ್ರಮಾಣವನ್ನು ತೊರೆದಿಲ್ಲ.

ರೂಪವಿಲ್ಲದಿರುವುದರ ಔದಾರ್ಯವನ್ನು ಉಡುಪಿಯ ಅನಂತೇಶ್ವರನಲ್ಲಿ ಕಾಣಬಹುದು. ಅಲ್ಲಿನ ಸಾನ್ನಿಧ್ಯವು ಲಿಂಗರೂಪದ್ದು. ಅದರಲ್ಲಿ ಮಾಧ್ವರು ವಿಷ್ಣುವನ್ನೇ ಚಿಂತಿಸುತ್ತಾರೆ. ಕೊಲ್ಲೂರಿನ ಮೂಕಾಂಬಿಕಾ ಕ್ಷೇತ್ರದಲ್ಲಿಯೂ ಮೂಲಸಾನ್ನಿಧ್ಯವು ಸ್ವರ್ಣರೇಖೆಯುಳ್ಳ ಉದ್ಭವಲಿಂಗ. ದೇವಿಯ ಲೋಹಮೂರ್ತಿಯು ಅದರ ಹಿಂದೆ ವಿರಾಜಿಸುತ್ತದೆ. ಕೈಯಲ್ಲಿ ಶಂಖವನ್ನೋ ಶೂಲವನ್ನೋ ಹಿಡಿಯದ ಶಿಲೆಯು ಎಲ್ಲರ ಧ್ಯಾನಕ್ಕೂ ಎಡೆಗೊಡುತ್ತದೆ.

ಮರುಭೂಮಿಯಲ್ಲೊಂದು ಸಾದೃಶ್ಯ

ಇಂತಹ ವ್ಯವಸ್ಥೆಯು ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲವೆಂಬುದನ್ನು ತಿಳಿದರೆ ಅದರ ಮರ್ಮವು ಇನ್ನಷ್ಟು ಸ್ಪಷ್ಟವಾಗುತ್ತದೆ. ಇಂದಿನ ಜೋರ್ಡನ್ ದೇಶದ ಪೆಟ್ರಾ ನಗರವನ್ನು ರಾಜಧಾನಿಯಾಗಿ ಮಾಡಿಕೊಂಡು, ಧೂಪದ್ರವ್ಯಗಳ ವ್ಯಾಪಾರದಿಂದ ಸಂಪನ್ನರಾಗಿದ್ದ ನಬಾಟಿಯನ್ನರೆಂಬ ಅರಬ್ ಜನರು ಕ್ರಿ.ಶ. 106ರಲ್ಲಿ ರೋಮನ್ ಸಾಮ್ರಾಜ್ಯಕ್ಕೆ ಸೇರಿಹೋದರು. ಪಾಶ್ಚಾತ್ಯ ಲೋಕವು ಮರೆತಿದ್ದ ಆ ನಗರವನ್ನು 1812ರಲ್ಲಿ ಬುರ್ಕ್‌ಹಾರ್ಟ್ ಎಂಬ ಸ್ವಿಸ್ ಪ್ರವಾಸಿಯು ಮತ್ತೆ ಬೆಳಕಿಗೆ ತಂದನು. ಕೆಂಪು ಮರಳುಗಲ್ಲಿನ ಬೆಟ್ಟವನ್ನೇ ಕೊರೆದು ಅವರು ಮಾಡಿದ ಮುಖಮಂಟಪಗಳಲ್ಲಿ ಗ್ರೀಕ್ ಮಾದರಿಯ ಕಂಬ, ಹದ್ದು, ಬಳ್ಳಿ, ದೇವತಾಮೂರ್ತಿಗಳೂ, ಮೆಟ್ಟಿಲಿನಾಕಾರದ ತೆನೆಗಳೂ ತುಂಬಿವೆ. 1937ರಲ್ಲಿ ನೆಲ್ಸನ್ ಗ್ಲುಯೆಕ್ ಉತ್ಖನನ ಮಾಡಿದ ಖಿರ್ಬೆತ್ ಎತ್-ತನ್ನೂರ್ ಎಂಬ ಬೆಟ್ಟದ ದೇವಾಲಯದಲ್ಲಿ ಎಲೆಬಳ್ಳಿಗಳ ನಡುವಣ ದೇವಿ, ಹದ್ದು, ದ್ವಾದಶ ರಾಶಿಗಳ ಚಕ್ರ ಮೊದಲಾದ ಶಿಲ್ಪಗಳು ದೊರೆತವು. ಪೈರು, ಋತು, ಗ್ರಹಗತಿಗಳೆಲ್ಲವೂ ದೈವಾಧೀನವೆಂಬುದು ಅವುಗಳ ಸೂಚನೆ. ನಮ್ಮ ಮುಚ್ಚಿಗೆಯ ದಿಕ್ಪಾಲಕರು ಹೇಳುವುದೂ ಇಂತಹುದನ್ನೇ.

ಆದರೆ ಅವರ ಮುಖ್ಯದೇವನಾದ ದುಶರನ ಸಂಕೇತವು ಮೂರ್ತಿಯಲ್ಲ, ಆಯತಾಕಾರದ ಶಿಲಾಖಂಡ. ಹತ್ತನೆಯ ಶತಮಾನದ ಗ್ರೀಕ್ ಕೋಶವಾದ ‘ಸೂದಾ’ ಪೆಟ್ರಾದ ಆ ಶಿಲೆಯನ್ನು ವರ್ಣಿಸುತ್ತ, ಅದು ಕಪ್ಪು ಬಣ್ಣದ, ಮೂರ್ತಿರೂಪವಿಲ್ಲದ, ನಾಲ್ಕು ಅಡಿ ಎತ್ತರದ, ಎರಡಡಿ ಅಗಲದ ಕಲ್ಲೆಂದೂ ಚಿನ್ನದ ಪೀಠದ ಮೇಲಿತ್ತೆಂದೂ ತಿಳಿಸುತ್ತದೆ. ಇಂತಹ ಶಿಲೆಗಳಿಗೆ ವಿದ್ವಾಂಸರು ಬಳಸುವ ‘ಬೇತಿಲ್’ ಎಂಬ ಹೆಸರಿಗೆ ದೇವರ ಮನೆ ಎಂದರ್ಥ. ಅವರ ಶಾಸನಗಳು ದುಶರನೊಡನೆ ಅವನ ‘ಮೋತಬ್’ ಅಂದರೆ ಪೀಠವನ್ನೂ ಪೂಜ್ಯವೆಂದು ಸ್ಮರಿಸುತ್ತವೆ. ಕೆಲವು ಶಿಲೆಗಳಲ್ಲಿ ಎರಡು ಚೌಕ ಕಣ್ಣುಗಳನ್ನೂ ನೀಳವಾದ ಒಂದು ಮೂಗನ್ನೂ ಮಾತ್ರ ಕಡೆದಿರುವುದುಂಟು. ನಿರಾಕಾರವನ್ನು ನಂಬಿದ ಮನಸ್ಸೂ ತನ್ನನ್ನು ನೋಡುವ ಕಣ್ಣೊಂದನ್ನು ಹಂಬಲಿಸುತ್ತದೆಂಬುದಕ್ಕೆ ಇದು ನಿದರ್ಶನ.

ಈ ಸಾದೃಶ್ಯದಿಂದ ಒಬ್ಬರಿಂದೊಬ್ಬರು ಕಲಿತರೆಂದು ಊಹಿಸಬೇಕಾಗಿಲ್ಲ. ಆ ಶಿಲೆಗೆ ಬಲಿಯ ರಕ್ತವನ್ನು ಎರೆಯುತ್ತಿದ್ದರೆಂದು ಅದೇ ಕೋಶವು ಹೇಳುತ್ತದೆ. ಲಿಂಗಕ್ಕೆ ಸಲ್ಲುವುದು ನೀರು, ಹಾಲು, ಬಿಲ್ವಪತ್ರೆ. ಪೂಜೆಯ ಹೃದಯವೇ ಬೇರೆ. ಸಮಾನವಾದುದು ರಚನೆಯ ತರ್ಕ. ಸೃಷ್ಟಿಯನ್ನು ಚಿತ್ರಿಸಬಹುದು, ಸೃಷ್ಟಿಕರ್ತನನ್ನು ಚಿತ್ರಿಸಲಾಗದು. ಆದುದರಿಂದ ಶಿಲ್ಪಿಯು ಸೃಷ್ಟಿಯನ್ನು ಸುತ್ತಲೂ ಕಡೆದು ನಡುವೆ ಉಳಿಯನ್ನು ಕೆಳಗಿಡುತ್ತಾನೆ.

ಶರಣರ ತೀರ್ಮಾನ, ಕೆಳದಿಯವರ ಗುಡಿ

ಹನ್ನೆರಡನೆಯ ಶತಮಾನದ ಶರಣರು ಈ ತರ್ಕವನ್ನು ಅದರ ಕೊನೆಯವರೆಗೆ ಕೊಂಡೊಯ್ದರು. ನಡುವಣ ಲಿಂಗವೊಂದೇ ಸತ್ಯವಾಗಿದ್ದರೆ ಸುತ್ತಣ ಗೋಡೆ ಏತಕ್ಕೆ? ಬಾಗಿಲನ್ನು ಕಾಯುವವರೇಕೆ? ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬ ವಿಧಿಯೇಕೆ? ಲಿಂಗವು ಗರ್ಭಗುಡಿಯಿಂದ ಹೊರಬಂದು ಭಕ್ತನ ಕರಸ್ಥಲಕ್ಕೆ ಬಂದಿತು, ದೇಹವೇ ದೇಗುಲವಾಯಿತು. ಇಷ್ಟಲಿಂಗದಲ್ಲಿ ಅಲಂಕಾರವೆಂಬುದು ಸಂಪೂರ್ಣವಾಗಿ ಲಯವಾಗಿದೆ. ನುಣುಪಾದ ಕಪ್ಪು ಹೊದಿಕೆಯ ಮೇಲೆ ದೃಷ್ಟಿಯು ನಿಲ್ಲಲು ಯಾವ ರೇಖೆಯೂ ಇಲ್ಲವಾದುದರಿಂದ ಅದು ಒಳಮುಖವಾಗುತ್ತದೆ.

ಹಾಗಿದ್ದರೆ ವೀರಶೈವರೇ ಆಗಿದ್ದ ಕೆಳದಿಯ ಅರಸರು ಶಿಲ್ಪಸಮೃದ್ಧವಾದ ಗುಡಿಗಳನ್ನೇಕೆ ಕಟ್ಟಿಸಿದರು? ಬಾರಕೂರು, ಮಂಗಳೂರು ಸೀಮೆಗಳನ್ನೂ ಒಳಗೊಂಡು 1763ರವರೆಗೆ ಬಾಳಿದ ಆ ರಾಜ್ಯದ ಮನೋಧರ್ಮವನ್ನರಿಯಲು ಘಟ್ಟವನ್ನೇರಿ ಸಾಗರದ ಬಳಿಯ ಇಕ್ಕೇರಿಗೆ ಹೋಗಬೇಕು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಕಂಡು ಬರೆದಿಟ್ಟ ಅಲ್ಲಿನ ಅಘೋರೇಶ್ವರ ದೇವಾಲಯವು ಉತ್ತರಾಭಿಮುಖವಾದ ವಿಶಾಲವಾದ ಕಲ್ಲುಕಟ್ಟಡ. ಗರ್ಭಗೃಹದ ಬಹುಭಾಗವನ್ನು ಆವರಿಸಿರುವ ಮಹಾಪೀಠದ ಸುತ್ತ ಮೂವತ್ತೆರಡು ಸ್ತ್ರೀವಿಗ್ರಹಗಳು ಕುಳಿತಿವೆ. ಶಿವನಿಗೆ ಆಧಾರ ಶಕ್ತಿಯೇ ಎಂಬ ತತ್ತ್ವವನ್ನು ಈ ಪೀಠವು ಸಾರುತ್ತದೆ.

ಆದರೆ ಇಕ್ಕೇರಿಯ ನಿಜವಾದ ವೀರಶೈವ ಶಿಲ್ಪವನ್ನು ಗೋಡೆಯಲ್ಲಿ ಹುಡುಕಬಾರದು, ನೆಲದಲ್ಲಿ ನೋಡಬೇಕು. ದೇವರ ಎದುರಿನ ನೆಲಗಲ್ಲಿನಲ್ಲಿ ಮೂವರು ಕೆಳದಿ ಅರಸರ ಆಕೃತಿಗಳು ಸಾಷ್ಟಾಂಗವೆರಗಿದ ಭಂಗಿಯಲ್ಲಿ ಹೆಸರುಗಳೊಡನೆ ಕೊರೆಯಲ್ಪಟ್ಟಿವೆ. ಗುಡಿ ಕಟ್ಟಿಸಿದ ಅರಸನ ಮೂರ್ತಿಯನ್ನು ಕಂಬದಲ್ಲಿ ಕೈಮುಗಿದು ನಿಲ್ಲಿಸುವುದು ಹಲವೆಡೆ ಕಾಣುವ ಪದ್ಧತಿ. ಇಲ್ಲಿಯಾದರೋ ಅರಸರು ಭಕ್ತರ ಪಾದಗಳ ಮಟ್ಟದಲ್ಲಿ ಮಲಗಿದ್ದಾರೆ. ಶರಣರು ಬಯಸಿದ ಕಿಂಕರಭಾವವು ಇದಕ್ಕಿಂತ ಸ್ಪಷ್ಟವಾಗಿ ಕಲ್ಲಿನಲ್ಲಿ ಮೂಡುವುದು ಸಾಧ್ಯವೇ? ಇದೇ ದೇವಾಲಯದ ನಡುಗಂಬಗಳ ನಡುವಣ ಅಂತರವನ್ನು ತೋಟದ ಭೂಮಿಯ ಅಳತೆಗೆ ಮಾನವಾಗಿ ಬಳಸುತ್ತಿದ್ದರೆಂಬುದೂ ಉಲ್ಲೇಖನೀಯ. ಪ್ರಮಾಣವೇ ಪ್ರಧಾನವಾದ ಲಿಂಗದ ಸನ್ನಿಧಿಯು ರೈತನಿಗೆ ನ್ಯಾಯವಾದ ಅಳತೆಯನ್ನು ಕೊಟ್ಟಿತು. ಸ್ಥಾವರವು ಹೀಗೆ ಜಂಗಮದ ಸೇವೆಗೆ ನಿಂತಾಗ ಅದಕ್ಕೂ ಶರಣಮಾರ್ಗಕ್ಕೂ ವಿರೋಧವಿಲ್ಲ. ಕಟ್ಟಿದವನ ಹೆಮ್ಮೆಯನ್ನು ಸಾರುವ ಗುಡಿ ಬೇರೆ, ಕಟ್ಟಿದವನನ್ನೇ ನೆಲಕ್ಕೊರಗಿಸುವ ಗುಡಿ ಬೇರೆ.

ಇಂದಿನ ಕರ್ತವ್ಯ

ಈ ವಿಚಾರವು ಕೇವಲ ಶಾಸ್ತ್ರಜಿಜ್ಞಾಸೆಯಲ್ಲ. ಕರಾವಳಿಯ ಅನೇಕ ಗುಡಿಗಳು ಈಚಿನ ದಶಕಗಳಲ್ಲಿ ಜೀರ್ಣೋದ್ಧಾರಗೊಂಡಿವೆ, ಗೊಳ್ಳುತ್ತಲೂ ಇವೆ. ಶಿಥಿಲವಾದುದನ್ನು ಸರಿಪಡಿಸುವುದು ಪುಣ್ಯಕಾರ್ಯವೇ ಸರಿ. ಆದರೆ ಮಳೆಗೂ ಮಣ್ಣಿಗೂ ಒಪ್ಪಿಬಂದ ಮರದ ಮುಚ್ಚಿಗೆಯನ್ನು ಕಳಚಿ ಕಾಂಕ್ರೀಟನ್ನು ಹೊದಿಸುವಾಗ, ದಿಕ್ಪಾಲಕರು ತಮ್ಮ ದಿಕ್ಕುಗಳನ್ನೇ ಕಳೆದುಕೊಳ್ಳುವಂತಾದರೆ, ಕೀರ್ತಿಮುಖವು ಅರ್ಥವಿಲ್ಲದ ಸಿಂಹದ ಮೋರೆಯಾಗಿ ಉಳಿದರೆ, ಗುಡಿಯ ಭಾಷೆಯೇ ಅಳಿದಂತಾಗುತ್ತದೆ. ಲಿಂಗಕ್ಕೆ ಬೆಳ್ಳಿಯ ಮುಖವಾಡವನ್ನು ತೊಡಿಸುವುದು ಭಕ್ತಿಯ ಸಂಭ್ರಮವಾಗಿರಬಹುದು. ಪೆಟ್ರಾದ ಶಿಲೆಗೆ ಕಣ್ಣು ಮೂಡಿಸಿದ ಹಂಬಲವೇ ಇದರಲ್ಲಿಯೂ ಇದೆ. ಆದರೆ ಮುಖವಾಡವನ್ನು ತೆಗೆದಾಗಿನ ಶಿಲೆಯೇ ಮೂಲವೆಂಬ ಅರಿವು ಮಾಸಬಾರದು.

ಆದುದರಿಂದ ಹಳೆಯ ಗುಡಿಯೊಂದನ್ನು ಬಿಚ್ಚುವ ಮುನ್ನ ಅದರ ಮುಚ್ಚಿಗೆ, ಬಾಗಿಲವಾಡ, ಬಲಿಕಲ್ಲುಗಳು ಯಾವ ಸ್ಥಾನದಲ್ಲಿ ಏನನ್ನು ಹೇಳುತ್ತಿವೆಯೆಂಬುದನ್ನು ಬರೆದು, ಅಳೆದು, ಚಿತ್ರಿಸಿ ಇಡುವುದು ಊರಿನ ಹಿರಿಯರ ಮತ್ತು ಸಾಹಿತ್ಯದ ವಿದ್ಯಾರ್ಥಿಗಳ ಹೊಣೆ. ಆಕಾರಗಳನ್ನು ಓದಬಲ್ಲವನಿಗೆ ಮಾತ್ರ ಅವು ಎಲ್ಲಿ ಮೌನವಾಗುತ್ತವೆಯೆಂಬುದು ತಿಳಿಯುತ್ತದೆ. ಆ ಮೌನದ ಎಡೆಯೇ ಲಿಂಗ.