ರಸ್ತೆ ತೆರಿಗೆ ಮತ್ತು ಸಂವಿಧಾನದ 301ನೇ ವಿಧಿ

ಲಾರಿ, ಬಸ್ಸು, ಕಾರುಗಳ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು. ಸಂವಿಧಾನದ ರಾಜ್ಯಪಟ್ಟಿಯ 56ನೇ ನಮೂದು ರಸ್ತೆಯಲ್ಲಿ ಸಾಗುವ ಸರಕು, ಪ್ರಯಾಣಿಕರ ಮೇಲಿನ ತೆರಿಗೆಯನ್ನೂ 57ನೇ ನಮೂದು ರಸ್ತೆಗಿಳಿಸಲು ತಕ್ಕ ವಾಹನಗಳ ಮೇಲಿನ ತೆರಿಗೆಯನ್ನೂ ರಾಜ್ಯಗಳ ಕೈಗೆ ಕೊಟ್ಟಿವೆ. ಆದರೆ ದೇಶದ ಉದ್ದಗಲಕ್ಕೂ ವ್ಯಾಪಾರ, ವಾಣಿಜ್ಯ, ಸಂಚಾರ ಮುಕ್ತವಾಗಿರಬೇಕೆಂದು ಅದೇ ಸಂವಿಧಾನದ 301ನೇ ವಿಧಿ ಹೇಳುತ್ತದೆ. ಗಡಿ ದಾಟುವ ವಾಹನ ಕಟ್ಟುವ ತೆರಿಗೆ ಈ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುತ್ತದೆಯೇ? ಐದು ದಶಕಗಳಿಗೂ ಹೆಚ್ಚು ಕಾಲ ಸುಪ್ರೀಂ ಕೋರ್ಟನ್ನು ಕಾಡಿದ ಪ್ರಶ್ನೆ ಇದು.

ಮೊದಲ ದೊಡ್ಡ ತೀರ್ಪು ಬಂದದ್ದು ಅಸ್ಸಾಮಿನ ಚಹಾದಿಂದ. ರಸ್ತೆ ಮತ್ತು ಒಳನಾಡು ಜಲಮಾರ್ಗಗಳಲ್ಲಿ ಸಾಗುವ ಸರಕಿನ ಮೇಲೆ ಆ ರಾಜ್ಯ 1954ರಲ್ಲಿ ತೆರಿಗೆ ಹಾಕಿತು. ಕಲ್ಕತ್ತೆಗೆ ಚಹಾ ಕಳಿಸುತ್ತಿದ್ದ ಅತಿಯಾಬಾರಿ ಟೀ ಕಂಪನಿ ಅದನ್ನು ಪ್ರಶ್ನಿಸಿತು. ಸರಕಿನ ಸಾಗಾಟವನ್ನೇ ನೇರವಾಗಿ ತಡೆಯುವ ಇಂಥ ತೆರಿಗೆಗೆ ರಾಷ್ಟ್ರಪತಿಗಳ ಮಂಜೂರಾತಿ ಬೇಕು ಎಂದು 1960ರಲ್ಲಿ ಕೋರ್ಟು ಕಾಯ್ದೆಯನ್ನು ತಳ್ಳಿಹಾಕಿತು. ಅಸ್ಸಾಂ ಸರ್ಕಾರ ಒಪ್ಪಿಗೆ ಪಡೆದು 1961ರಲ್ಲಿ ಹೊಸ ಕಾಯ್ದೆ ತಂದಿತು, ಅದು ನಿಂತಿತು.

1962ರ ರಾಜಸ್ಥಾನದ ಮೊಕದ್ದಮೆ ಇನ್ನಷ್ಟು ದೂರ ಹೋಯಿತು. ವಿವಾದ ಹುಟ್ಟಿದಾಗ ಅಜ್ಮೇರ್ ಬೇರೆಯೇ ರಾಜ್ಯ. ಅಲ್ಲಿಂದ ಕಿಶನ್‌ಗಢಕ್ಕೆ ಹೋಗುವ ಬಸ್ಸುಗಳು ಸ್ವಲ್ಪ ದೂರ ರಾಜಸ್ಥಾನದ ನೆಲದಲ್ಲಿ ಓಡಬೇಕಿತ್ತು. ಅಷ್ಟಕ್ಕೇ ರಾಜಸ್ಥಾನ ತೆರಿಗೆ ಕೇಳಿತು. ಏಳು ನ್ಯಾಯಮೂರ್ತಿಗಳ ಪೀಠ ರಾಜ್ಯದ ಪರ ನಿಂತಿತಾದರೂ ಕಾರಣ ಹೊಸದು: ರಸ್ತೆಯ ಸೌಲಭ್ಯ ಬಳಸಿದ್ದಕ್ಕೆ ಪ್ರತಿಯಾಗಿ ಪಡೆಯುವ ಪರಿಹಾರರೂಪದ ತೆರಿಗೆ ವ್ಯಾಪಾರಕ್ಕೆ ಅಡ್ಡಿಯಲ್ಲ, ನೆರವು. ಇದೇ ತರ್ಕದ ಮೇಲೆ, ಗಣಿಯ ಆವರಣ ಬಿಟ್ಟು ಹೊರಗೆ ಬಾರದ ಒರಿಸ್ಸಾದ ಡಂಪರ್‌ಗಳಿಗೆ ತೆರಿಗೆಯಿಲ್ಲವೆಂದು 1974ರಲ್ಲಿ ತೀರ್ಮಾನವಾಯಿತು. ನ್ಯಾಯವಾದ ಮಾತೇ. ಆದರೆ ಕಾಲ ಕಳೆದಂತೆ ತೆರಿಗೆಗೂ ರಸ್ತೆಗೂ ಅಲ್ಪಸ್ವಲ್ಪ ನಂಟಿದ್ದರೆ ಸಾಕು ಎಂಬಷ್ಟಕ್ಕೆ ಈ ಪರೀಕ್ಷೆ ಸಡಿಲವಾಯಿತು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು, ಅದರಲ್ಲಿ ಹಾದುಹೋಗುವ ಬಸ್ಸಿಗೆ ರಾಜ್ಯದ ತೆರಿಗೆ ಏಕೆ ಎಂದು ಕೇಳಿದವರು 1981ರ ಹರಿಯಾಣದ ಮೊಕದ್ದಮೆಯಲ್ಲಿ ಸೋತರು.

2016ರ ನವೆಂಬರ್‌ನಲ್ಲಿ, ಜಿಂದಾಲ್ ಸ್ಟೇನ್‌ಲೆಸ್ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 7-2ರ ಬಹುಮತದಿಂದ ಈ ಪರಿಹಾರರೂಪದ ತೆರಿಗೆಯ ಸಿದ್ಧಾಂತವನ್ನೇ ಕಿತ್ತುಹಾಕಿತು. ವಿವಾದ ಸರಕು ಒಳಬರುವಾಗ ಹಾಕುವ ಪ್ರವೇಶ ತೆರಿಗೆಯದ್ದಾದರೂ ಪರಿಣಾಮ ವಾಹನ ತೆರಿಗೆಗೂ ತಟ್ಟಿತು. ತೆರಿಗೆ ಎಂದ ಮಾತ್ರಕ್ಕೆ ಅದು ವ್ಯಾಪಾರ ಸ್ವಾತಂತ್ರ್ಯದ ಭಂಗವಲ್ಲ. ಹೊರರಾಜ್ಯದ ಸರಕಿಗೆ ತಾರತಮ್ಯ ಮಾಡಿದರೆ ಮಾತ್ರ 304ನೇ ವಿಧಿಯಡಿ ಅದು ಬೀಳುತ್ತದೆ. ಹೀಗೆ 301ನೇ ವಿಧಿಯ ಆಸರೆ ವಾಹನ ಮಾಲೀಕರಿಗೆ ಬಹುಮಟ್ಟಿಗೆ ತಪ್ಪಿತು.

ಬೇರೆ ದಾರಿಗಳು ಮಾತ್ರ ಮುಚ್ಚಿಲ್ಲ. ಹೊರರಾಜ್ಯದ ವಾಹನ ಕರ್ನಾಟಕದಲ್ಲಿ 30 ದಿನ ಮೀರಿ ಉಳಿದರೆ ಆಜೀವ ತೆರಿಗೆ ಕಟ್ಟಬೇಕೆಂಬ 2014ರ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದುಪಡಿಸಿತು. ಏಕೆಂದರೆ ಕೇಂದ್ರದ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ, ಬೇರೆ ರಾಜ್ಯಕ್ಕೆ ಹೋದ ವಾಹನ 12 ತಿಂಗಳು ಮೀರಿ ಅಲ್ಲೇ ಉಳಿದರೆ ಮಾತ್ರ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ವರ್ಗಾವಣೆ, ಹೊಸ ಕೆಲಸ ಎಂದು ಬೆಂಗಳೂರಿಗೆ ಕಾರು ತಂದವರಿಗೆ ಈ ತೀರ್ಪಿನಿಂದ ದೊಡ್ಡ ಹೊರೆ ಇಳಿಯಿತು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಬೇಲಿಯೊಳಗಿನ ಯಾರ್ಡ್‌ನಲ್ಲಷ್ಟೇ ಓಡುವ ವಾಹನಗಳಿಗೆ ತೆರಿಗೆಯಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು: ಅದು ಸಾರ್ವಜನಿಕ ಸ್ಥಳವಲ್ಲ, ರಸ್ತೆಯನ್ನು ಬಳಸದವರಿಂದ ರಸ್ತೆಯ ತೆರಿಗೆ ಕೇಳುವಂತಿಲ್ಲ.