ಪಾಸ್‌ವರ್ಡ್ ಒತ್ತಿದರೂ ಏನೂ ಮೂಡುವುದಿಲ್ಲವೇಕೆ?

ಪ್ರಶ್ನೆ: ಉಬುಂಟುವಿನಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಲು ‘ಸುಡೊ ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ’ ಎಂದು ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿತು, ಒತ್ತಿದರೆ ಒಂದಕ್ಷರವೂ ಕಾಣಲಿಲ್ಲ. ಕೀಬೋರ್ಡ್ ಕೆಟ್ಟಿದೆಯೇ?

ಉತ್ತರ: ಇಲ್ಲ, ಅಕ್ಷರಗಳು ಒಳಗೆ ಹೋಗುತ್ತಲೇ ಇರುತ್ತವೆ. ಪಕ್ಕದಲ್ಲಿ ನಿಂತವರಿಗೆ ಪಾಸ್‌ವರ್ಡ್ ಎಷ್ಟು ಉದ್ದವೆಂಬ ಸುಳಿವೂ ಸಿಗಬಾರದೆಂದು ಯುನಿಕ್ಸ್ ಕಾಲದಿಂದ ಬಂದ ರೂಢಿ ಇದು. ಪೂರ್ತಿ ಒತ್ತಿ ಎಂಟರ್ ಕೊಡಿ. ಆಮೇಲಿನದು ನಿಜಕ್ಕೂ ಸೊಗಸು: ತಂತ್ರಾಂಶ ಸ್ಥಾಪಿಸುವ ಸಾಧನವಾದ ಆಪ್ಟ್ ಉಬುಂಟುವಿನದೇ ತಂತ್ರಾಂಶ ಭಂಡಾರಕ್ಕೆ ಹೋಗಿ, ವಿಎಲ್‌ಸಿ ನಡೆಯಲು ಬೇಕಾದ ಉಳಿದ ತಂತ್ರಾಂಶಗಳನ್ನೂ ತಾನೇ ಹುಡುಕಿ, ಡಿಜಿಟಲ್ ಸಹಿ ತಾಳೆ ನೋಡಿ ತರುತ್ತದೆ. ಕಂಡಕಂಡ ಜಾಲತಾಣದಿಂದ ಇಳಿಸಿಕೊಳ್ಳುವುದಕ್ಕಿಂತ ಇದು ಕ್ಷೇಮ. ಆದರೆ ‘ಸುಡೊ’ ಎಂದರೆ ಇಡೀ ಕಂಪ್ಯೂಟರಿನ ಅಧಿಕಾರ ಒಪ್ಪಿಸಿದಂತೆ. ಅರ್ಥವಾಗದ ಆದೇಶಕ್ಕೆ ದಯವಿಟ್ಟು ಅದನ್ನು ಸೇರಿಸಬೇಡಿ.